ನೀರು ಎಲ್ಲಿಗೆ ಹೋಯಿತು?



ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಸಾರಸಮೇತನಾಗಿ ಮನೆಗೆ ಬಂದಿದ್ದ. ಊಟವಾಯಿತು, ಹಳೆಯ ಮಾತುಗಳೆಲ್ಲ ಆದವು. ಹೊರಡುವಾಗ ಬೀಳ್ಕೊಡಲು ಗೇಟಿನವರೆಗೆ ಹೋದೆ. ಆತ ತನ್ನ ಹಳೆಯ ಕಾರಿನ ಬಾನೆಟ್ ಎತ್ತಿ, "ಸಾರ್, ಒಂದು ಚೊಂಬು ನೀರು ಕೊಡಿಸ್ತೀರಾ? ವಾರಕ್ಕೊಂದ್ಸಲ ಕುಡಿಯುತ್ತೆ ಇದು" ಎಂದ.

"ಆ ನೀರು ಎಲ್ಲಿಗೆ ಹೋಗ್ತಿದೆಯಪ್ಪಾ?" ಎಂದು ಕೇಳಿದೆ.

"ಹಳೇ ಗಾಡಿ ಅಲ್ವಾ ಸಾರ್. ಬಿಸಿಲು ಬೇರೆ. ಆವಿಯಾಗಿ ಹೋಗುತ್ತೆ" ಎಂದು ನಕ್ಕ.

ಬಾಷ್ಪೀಭವನದ ಪಾಠವನ್ನು ಎಂಟನೆಯ ತರಗತಿಯಲ್ಲಿ ಇವನಿಗೆ ಹೇಳಿಕೊಟ್ಟವನು ನಾನೇ. ಮುಚ್ಚಿದ ಪಾತ್ರೆಯಿಂದ ನೀರು ಆವಿಯಾಗಿ ಹೋಗುವುದಾದರೂ ಎಲ್ಲಿಗೆ? ಆದರೆ ಅವನನ್ನು ಗದರಿಸುವ ನೈತಿಕ ಅಧಿಕಾರ ನನಗಿರಲಿಲ್ಲ. ಹದಿನೈದು ವರ್ಷಗಳಿಗೂ ಹಿಂದೆ ಇದೇ ಮಾತನ್ನು ಆಡುತ್ತ, ಇದೇ ರೀತಿ ಚೊಂಬು ಹಿಡಿದುಕೊಂಡು ನಿಂತವನು ನಾನು. ಅದಕ್ಕೆ ತೆತ್ತ ಬೆಲೆ ನನ್ನೊಬ್ಬನದೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣ ಹುಡುಕದೆ ರೇಡಿಯೇಟರಿಗೆ ನೀರು ಸುರಿಯುತ್ತ ಹೋಗುವುದು ಆರೈಕೆಯಲ್ಲ; ಅದು ರೋಗವನ್ನು ಮುಚ್ಚಿಡುವ ಕೆಲಸ. ನೀರು ಕಡಿಮೆಯಾಗುವುದು ಇಂಜಿನ್ನು ನಮಗೆ ಕೊಡುವ ಮುನ್ಸೂಚನೆ. ಪ್ರತಿ ವಾರ ಚೊಂಬು ಬಗ್ಗಿಸುವವನು ಆ ಸೂಚನೆಯನ್ನು ಪ್ರತಿ ವಾರ ಅಳಿಸಿಹಾಕುತ್ತಿರುತ್ತಾನೆ.

ನನ್ನ ಕಾರು 1998ರ ಮಾದರಿಯ ಮಾರುತಿ 800. 2003ರಲ್ಲಿ ಅದನ್ನು ಎರಡನೆಯ ಕೈಯಿಂದ ಕೊಂಡೆ. 796 ಸಿಸಿಯ, ಮೂರು ಸಿಲಿಂಡರಿನ ಪುಟ್ಟ ಇಂಜಿನ್ನು. 1983ರ ಡಿಸೆಂಬರಿನಲ್ಲಿ ಮೊದಲ ಬಾರಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ ನಮ್ಮಂಥ ಮಧ್ಯಮವರ್ಗದ ಲಕ್ಷಾಂತರ ಮನೆಗಳ ಅಂಗಳದಲ್ಲಿ ನಿಂತ ಕಾರು ಅದು. ಮುಂದೆ ಹೇಳಲಿರುವ ಕಥೆಯಲ್ಲಿ ಕಾರಿನ ತಪ್ಪೇನೂ ಇಲ್ಲ, ತಪ್ಪೆಲ್ಲ ಯಜಮಾನನದು.

2007ರ ಬೇಸಿಗೆಯಲ್ಲಿ ಒಮ್ಮೆ ಅದು ಸಂತೆಯ ದಿನದ ಜನಜಂಗುಳಿಯಲ್ಲಿ ಬಿಸಿಯಾಯಿತು. ತಿಪಟೂರಿನ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಥರ್ಮೋಸ್ಟಾಟ್ ವಾಲ್ವನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟು, "ನಮ್ಮ ಬಿಸಿಲೂರಿಗೆ ಇದು ಬೇಕಾಗಿಲ್ಲ ಮೇಷ್ಟ್ರೇ. ತಂಪು ದೇಶದವರಿಗೆ ಇದು. ತೆಗೆದುಬಿಟ್ರೆ ನೀರು ಸಲೀಸಾಗಿ ಓಡಾಡುತ್ತೆ" ಎಂದರು. ಖರ್ಚಿಲ್ಲದ ಪರಿಹಾರ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ನಾನು ತಲೆಯಾಡಿಸಿದೆ. ಅಲ್ಲಿಂದ ಎರಡು ವರ್ಷ, ವಾರಕ್ಕೊಂದು ಚೊಂಬಿನಂತೆ ಮನೆಯ ಬೋರ್‌ವೆಲ್ ನೀರನ್ನು ಸುರಿಯುತ್ತ ನಿಶ್ಚಿಂತನಾಗಿದ್ದೆ.

2009ರ ಮೇ ತಿಂಗಳಲ್ಲಿ ಉಜಿರೆಯಲ್ಲಿ ಬಂಧುಗಳ ಮದುವೆ. ಮುಗಿಸಿಕೊಂಡು ಚಾರ್ಮಾಡಿ ಘಾಟಿಯ ಮೂಲಕ ಹಿಂತಿರುಗುತ್ತಿದ್ದೆವು. ನಾನು, ನನ್ನಾಕೆ, ಅಕ್ಕ ಮತ್ತು ಅಕ್ಕನ ಮಗ. ನಾಲ್ಕು ಜನ, ಹಿಂದೆ ಹಲಸಿನ ಹಣ್ಣಿನ ಹೊರೆ. ಮಧ್ಯಾಹ್ನದ ಧಗೆ. ಮುಂದೊಂದು ಲಾರಿ ತೆವಳುತ್ತಿತ್ತು. ನಾವು ಅದರ ಹಿಂದೆ ಫಸ್ಟ್ ಗೇರಿನಲ್ಲಿ. ಉಷ್ಣತೆಯ ಮುಳ್ಳು ಮೇಲೇರತೊಡಗಿತು. ಕೊಟ್ಟಿಗೆಹಾರ ತಲುಪಿದರೆ ನೀರುದೋಸೆ ತಿನ್ನುತ್ತ ಗಾಡಿಯನ್ನೂ ಆರಿಸಬಹುದೆಂದು ಲೆಕ್ಕ ಹಾಕಿ ಮುಂದುವರಿಸಿದೆ. ಇನ್ನೆರಡು ತಿರುವು ಕಳೆಯುವಷ್ಟರಲ್ಲಿ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿಯಿತು. "ನೋಡು, ಗಾಳಿ ಸಿಕ್ಕಿದ ಕೂಡಲೇ ತಣ್ಣಗಾಯ್ತು" ಎಂದು ನಾನು ಸಂತೋಷಪಟ್ಟೆ.

ಆ ಸಂತೋಷದ ಅರ್ಥ ನನಗೆ ತಿಳಿದದ್ದು ಆಮೇಲೆ. ಉಷ್ಣತೆ ಅಳೆಯುವ ಸೆನ್ಸರು ನೀರಿನಲ್ಲಿ ಮುಳುಗಿರಬೇಕು. ನೀರಿನ ಮಟ್ಟ ಅದಕ್ಕಿಂತ ಕೆಳಗಿಳಿದರೆ ಅದು ಸರಿಯಾಗಿ ಅಳೆಯಲಾರದು. ಇಂಜಿನ್ನು ಬೇಯುತ್ತಿದ್ದರೂ ಮುಳ್ಳು ತಣ್ಣಗಿದೆಯೆಂದು ತೋರಿಸಬಲ್ಲದು.

ಸ್ವಲ್ಪ ದೂರದಲ್ಲಿ ಇಂಜಿನ್ನು ಕಟಕಟ ಸದ್ದು ಮಾಡುತ್ತ ನಿಂತಿತು. ಬಾನೆಟ್ಟಿನ ಅಂಚುಗಳಿಂದ ಹಬೆ ಬರುತ್ತಿತ್ತು. ನಾನು ಬಾಟಲಿಯಲ್ಲಿದ್ದ ನೀರನ್ನು ಹಿಡಿದು, ಅಕ್ಕನ ಮಗನಿಗೆ, "ಟವೆಲ್ ಹಾಕಿಕೊಂಡು ಮುಚ್ಚಳ ತೆಗಿ, ನೀರು ಹಾಕೋಣ" ಎಂದೆ. ಅವನು ತೆಗೆದ. ರೇಡಿಯೇಟರಿನ ಬಾಯಿಂದ ನೀರೂ ಹಬೆಯೂ ಒಟ್ಟಾಗಿ ಆಳೆತ್ತರಕ್ಕೆ ಚಿಮ್ಮಿದವು. ಮುಖವನ್ನು ಅತ್ತ ತಿರುಗಿಸಿದ್ದರಿಂದ ಕಣ್ಣು ಉಳಿಯಿತು. ಬಲಗೈ ಮೊಣಕೈವರೆಗೆ ಬೆಂದುಹೋಯಿತು.

ಹಿಂದೆ ಬರುತ್ತಿದ್ದ ಬಸ್ಸಿನವರು ನಿಲ್ಲಿಸಿ, ಕೊಡದಲ್ಲಿದ್ದ ನೀರನ್ನೆಲ್ಲ ಅವನ ಕೈ ಮೇಲೆ ಸುರಿದು, ನಮ್ಮನ್ನು ಹತ್ತಿಸಿಕೊಂಡು ಮೂಡಿಗೆರೆಗೆ ತಲುಪಿಸಿದರು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಹುಡುಗ, ನೋವಿನಲ್ಲೂ ನನ್ನ ಮುಖ ನೋಡಿ, "ಮಾವ, ಕುಕ್ಕರ್ ಪಾಠ ನೀವೇ ಮಾಡಿದ್ರಿ ಅಲ್ವಾ?" ಎಂದ. ಆಕ್ಷೇಪಿಸುವ ದನಿ ಅದಲ್ಲ. ನನ್ನನ್ನು ನಗಿಸಲು ಆಡಿದ ಮಾತು. ಆದರೆ ಮೂವತ್ತು ವರ್ಷಗಳ ನನ್ನ ಮೇಷ್ಟರಿಕೆಯಲ್ಲಿ ಅಂಥ ಪ್ರಶ್ನೆಯನ್ನು ಯಾವ ಇನ್ಸ್‌ಪೆಕ್ಟರರೂ ಕೇಳಿರಲಿಲ್ಲ.

ಹೌದು, ಆ ಪಾಠವನ್ನು ಮಾಡಿದವನು ನಾನೇ. ಸಮುದ್ರಮಟ್ಟದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಒತ್ತಡ ಹೆಚ್ಚಿದಂತೆ ಕುದಿಯುವ ಬಿಂದುವೂ ಏರುತ್ತದೆ. ಪ್ರೆಷರ್ ಕುಕ್ಕರಿನೊಳಗೆ ಅದು ಸುಮಾರು 120 ಡಿಗ್ರಿಗೆ ಹೋಗುವುದರಿಂದಲೇ ಬೇಳೆ ಬೇಗ ಬೇಯುತ್ತದೆ. ರೇಡಿಯೇಟರಿನ ಮುಚ್ಚಳವೂ ಕುಕ್ಕರಿನ ವಿಜಿಲ್ಲಿನ ಹಾಗೆಯೇ ಕೆಲಸ ಮಾಡುತ್ತದೆ. ಅದರೊಳಗಿನ ಸ್ಪ್ರಿಂಗು ಚದರ ಸೆಂಟಿಮೀಟರಿಗೆ 0.9 ಕಿಲೋಗ್ರಾಮಿನಷ್ಟು ಒತ್ತಡವನ್ನು ಹಿಡಿದಿಟ್ಟರೆ, ಒಳಗಿನ ನೀರು 118 ಡಿಗ್ರಿಯ ಆಸುಪಾಸಿನವರೆಗೂ ಕುದಿಯದೆ ಇರಬಲ್ಲದು. ಮುಚ್ಚಳ ತೆರೆದ ಕ್ಷಣ ಒತ್ತಡ ಬಿದ್ದುಹೋಗುತ್ತದೆ, ಆ ನೀರಿನ ಒಂದು ಪಾಲು ತಕ್ಷಣ ಹಬೆಯಾಗುತ್ತದೆ. ಹಬೆಯಾದ ನೀರಿಗೆ ಮೊದಲಿಗಿಂತ ಸುಮಾರು 1,600 ಪಟ್ಟು ಜಾಗ ಬೇಕು. ಇದನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದವನು ಘಾಟಿಯಲ್ಲಿ ಮರೆತ. ನನ್ನ ವಿಜ್ಞಾನವೆಲ್ಲ ಅಂದು ಪುಸ್ತಕದ ಬದನೆಕಾಯಿಯಾಯಿತು.

ಕಾರನ್ನು ಹಾಸನಕ್ಕೆ ಎಳೆಸಿ ತಂದೆವು. ಅಲ್ಲಿನ ಗ್ಯಾರೇಜಿನ ಹಿರಿಯರು ಇಂಜಿನ್ನು ಬಿಚ್ಚಿ ಒಂದೊಂದನ್ನೂ ತೋರಿಸಿದರು. ವಾಟರ್ ಪಂಪಿನ ಸೀಲು ಸವೆದಿತ್ತು. ಪಂಪಿನ ಕೆಳಭಾಗದಲ್ಲಿ, ಸೀಲು ಹಾಳಾದರೆ ಗೊತ್ತಾಗಲೆಂದೇ ಇಟ್ಟಿರುವ ಸಣ್ಣ ರಂಧ್ರದ ಸುತ್ತ ಬಿಳಿಯ ಉಪ್ಪಿನ ಗೆರೆ ಕಟ್ಟಿತ್ತು. ಬಿಸಿಯಾದಾಗ ಹನಿದು, ಬಿಸಿ ಇಂಜಿನ್ನಿನ ಮೇಲೆಯೇ ಒಣಗಿಹೋಗುತ್ತಿದ್ದುದರಿಂದ ನೆಲದ ಮೇಲೆ ಗುರುತೇ ಬೀಳುತ್ತಿರಲಿಲ್ಲ. ರೇಡಿಯೇಟರಿನ ಕೊಳವೆಗಳೊಳಗೆ ನಮ್ಮ ಬಚ್ಚಲ ಹಂಡೆಯಲ್ಲಿ ಕಟ್ಟುವಂಥದೇ ಬಿಳಿಯ ಗಟ್ಟಿ. ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾರ್ಬೊನೇಟಾಗಿ ಗೋಡೆಗೆ ಅಂಟುತ್ತದೆ. ಇದೂ ನನ್ನದೇ ಪಾಠ! ವಾರಕ್ಕೊಂದು ಚೊಂಬಿನಂತೆ ಎರಡು ವರ್ಷ ನಾನು ಸುರಿದದ್ದು ನೀರನ್ನಷ್ಟೇ ಅಲ್ಲ, ಸುಣ್ಣದ ಕಲ್ಲನ್ನು ಕೂಡ. ಕೊನೆಗೆ ಹೆಡ್ ಬೆಂಡಾಗಿತ್ತು, ಗ್ಯಾಸ್ಕೆಟ್ ಸುಟ್ಟಿತ್ತು. ಮೊದಲೇ ಬದಲಿಸಿದ್ದರೆ ಒಂದು ಪಂಪಿನ ಖರ್ಚಿನಲ್ಲಿ ಮುಗಿಯುತ್ತಿದ್ದ ಕೆಲಸ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಅಂದು ನಾನು ಪಾಠ ಕಲಿತೆ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. "ನಮ್ಮಪ್ಪ ಅಂಬಾಸಡರಿಗೆ ಜೀವಮಾನವಿಡೀ ಕೆರೆ ನೀರು ಹಾಕಿದ್ರು, ಏನೂ ಆಗಲಿಲ್ಲ" ಎನ್ನುವವರಿದ್ದಾರೆ. ಇರಬಹುದು. ಹಳೆಯ ಅಂಬಾಸಡರಿನ 1489 ಸಿಸಿ ಇಂಜಿನ್ನಿನಲ್ಲಿ ಬ್ಲಾಕೂ ಹೆಡ್ಡೂ ಎರಡೂ ಎರಕದ ಕಬ್ಬಿಣ. ಅನಂತರದ ಬಹುತೇಕ ಕಾರುಗಳ ಹೆಡ್ಡು ಅಲ್ಯೂಮಿನಿಯಮ್ಮಿನದು. ಕಾಯಿಸಿದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕಿಗೆ ಬಿಗಿದ ಅಲ್ಯೂಮಿನಿಯಂ ಹೆಡ್ಡು ಮಿತಿಮೀರಿ ಕಾದರೆ ಬಾಗದೆ ಇನ್ನೇನು ಮಾಡೀತು? ಪ್ರಯೋಗಶಾಲೆಯಲ್ಲಿ ಎರಡು ಲೋಹಗಳ ಪಟ್ಟಿಯನ್ನು ಕಾಯಿಸಿ ಬಾಗಿಸಿ ತೋರಿಸಿದ್ದು ನಿಮಗೆ ನೆನಪಿರಬೇಕು. ಎರಡು ಲೋಹಗಳು ಸೇರಿದ ಕಡೆ ಸಾದಾ ನೀರು ಬೇಗ ತುಕ್ಕನ್ನೂ ಹಿಡಿಸುತ್ತದೆ. ಕೂಲೆಂಟಿನಲ್ಲಿರುವ ತುಕ್ಕುನಿರೋಧಕಗಳು ಇದಕ್ಕಾಗಿಯೇ ಇರುವುದು. ಹಿಮ ಬೀಳದ ನಾಡಿನಲ್ಲೂ ಕೂಲೆಂಟ್ ಬೇಕೆಂದು ನಾನು ವಾದಿಸುವುದು ಈ ಕಾರಣಕ್ಕೆ.

ಥರ್ಮೋಸ್ಟಾಟ್ ತೆಗೆಸುವ ಪದ್ಧತಿಯನ್ನಂತೂ ನಾನು ಖಂಡಿಸುತ್ತೇನೆ. ಆ ಪುಟ್ಟ ವಾಲ್ವಿನೊಳಗೆ ಮೇಣವಿರುತ್ತದೆ. ಸಾಮಾನ್ಯವಾಗಿ 80 ಡಿಗ್ರಿ ದಾಟಿದ ಮೇಲೆ ಮೇಣ ಕರಗಿ ಹಿಗ್ಗಿ ದಾರಿ ತೆರೆಯುತ್ತದೆ. ಅದಿಲ್ಲದ ಇಂಜಿನ್ನು ಹದವಾದ ಉಷ್ಣತೆಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಅದೇ ವಾಲ್ವು ತೆರೆದುಕೊಳ್ಳುವಾಗ ಒಳದಾರಿಯೊಂದನ್ನು ಮುಚ್ಚುತ್ತದೆ; ವಾಲ್ವು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತುತ್ತದೆ. ಅನುಮಾನವಿದ್ದರೆ ಅದನ್ನು ಬಿಚ್ಚಿ ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಉಷ್ಣಮಾಪಕ ಇಟ್ಟು ಕಾಯಿಸಿ ನೋಡಿ. ಅದರ ಮೇಲೆ ಬರೆದಿರುವ ಡಿಗ್ರಿಗೆ ತೆರೆಯದಿದ್ದರೆ ಹೊಸದು ಹಾಕಿಸಿ. ಖಾಲಿ ಮಾತ್ರ ಬಿಡಬೇಡಿ.

ಹಾಗಾದರೆ ನೀರು ಕಡಿಮೆಯಾದರೆ ಏನು ಮಾಡಬೇಕು? ಹಾಸನದ ಆ ಹಿರಿಯರು ಹೇಳಿಕೊಟ್ಟದ್ದನ್ನೂ, ಆಮೇಲೆ ನಾನು ಕಂಡುಕೊಂಡದ್ದನ್ನೂ ಸೇರಿಸಿ ಹೇಳುತ್ತೇನೆ. ಇಂಜಿನ್ನು ಪೂರ್ತಿ ತಣ್ಣಗಿರುವಾಗ, ಅಂದರೆ ಬೆಳಗಿನ ಹೊತ್ತು, ಗೆರೆಯವರೆಗೆ ತುಂಬಿಸಿ ತಾರೀಖು ಬರೆದಿಡಿ. ಒಂದು ವಾರದ ಮೇಲೆ ಎಷ್ಟು ಇಳಿದಿದೆಯೆಂದು ನೋಡಿ. ನೀರು ಹೊರಬೀಳಲು ಇರುವ ಬಾಗಿಲುಗಳು ನಾಲ್ಕೇ.

ಮೊದಲನೆಯದು ನೆಲ. ರಾತ್ರಿ ಕಾರಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ, ಬೆಳಿಗ್ಗೆ ಕಲೆ ಬಿದ್ದ ಜಾಗದ ನೇರಕ್ಕೆ ಮೇಲೆ ನೋಡಿ. ಹೋಸ್ ಪೈಪುಗಳ ಕ್ಲಿಪ್ಪು, ರೇಡಿಯೇಟರಿನ ಅಂಚು, ಪಂಪಿನ ರಂಧ್ರ. ಕಲೆ ಬೀಳದಿದ್ದರೂ ಬಿಳಿಯ ಅಥವಾ ಹಸಿರು ಗೆರೆ ಇದೆಯೇ ನೋಡಿ. ನಾನು ಎಡವಿದ್ದು ಅಲ್ಲಿಯೇ. ಎರಡನೆಯದು ಕಾರಿನ ಒಳಗಿನ ಹೀಟರು. ಮುಂದಿನ ಸೀಟಿನ ಕಾಲಡಿಯ ಮ್ಯಾಟು ಒದ್ದೆಯಾಗಿ ಸಿಹಿ ವಾಸನೆ ಬರುತ್ತಿದ್ದರೆ ನೀರು ಅಲ್ಲಿ ಸೋರುತ್ತಿದೆ. ಮೂರನೆಯದು ಮುಚ್ಚಳ. ಅದರ ರಬ್ಬರು ಒಡೆದೋ ಸ್ಪ್ರಿಂಗು ಸೋತೋ ಇದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿದು ಹೊರಚೆಲ್ಲುತ್ತದೆ. ಇದು ಎಲ್ಲಕ್ಕಿಂತ ಅಗ್ಗದ ದುರಸ್ತಿ. ನಾಲ್ಕನೆಯದು ಇಂಜಿನ್ನಿನ ಒಡಲು, ಅಂದರೆ ಹೆಡ್ ಗ್ಯಾಸ್ಕೆಟ್. ಹೊಗೆನಳಿಕೆಯಿಂದ ಇಂಜಿನ್ನು ಕಾದ ಮೇಲೂ ನಿಲ್ಲದ ಬಿಳಿಯ ಹೊಗೆ, ಆಯಿಲ್ ಮುಚ್ಚಳದ ಕೆಳಗೆ ಹಾಲು ಬೆರೆಸಿದ ಕಾಫಿಯಂಥ ನೊರೆ, ತಣ್ಣಗಿರುವಾಗ ಮುಚ್ಚಳ ತೆಗೆದು ಚಾಲೂ ಮಾಡಿದರೆ ಒಂದೇ ಸಮನೆ ಏಳುವ ಗುಳ್ಳೆಗಳು, ಇವು ಅದರ ಲಕ್ಷಣಗಳು. ಹೀಗಿದ್ದರೆ ಮತ್ತೆ ಓಡಿಸಬೇಡಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.

ನೀರು ಇಳಿಯದೆಯೂ ಇಂಜಿನ್ನು ಬಿಸಿಯಾಗುವುದುಂಟು. ಆಗ ಬಿಸಿಯಾಗುವುದು ಯಾವಾಗ ಎಂದು ಗಮನಿಸಿ. ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಯಾಗಿ, ಹೆದ್ದಾರಿಯಲ್ಲಿ ಓಡುವಾಗ ತಣ್ಣಗಾದರೆ ಮೊದಲು ಫ್ಯಾನನ್ನು ನೋಡಿ: ಫ್ಯೂಸು, ರಿಲೇ, ಸ್ವಿಚ್ಚು, ಮೋಟಾರು. ಊರೊಳಗೆ ಸರಿಯಿದ್ದು, ಹೆದ್ದಾರಿಯಲ್ಲೋ ಏರಿನಲ್ಲೋ ಬಿಸಿಯಾದರೆ ನೀರಿನ ಓಟವನ್ನು ಅನುಮಾನಿಸಿ: ಕಟ್ಟಿಕೊಂಡ ರೇಡಿಯೇಟರು, ಅರ್ಧವೇ ತೆರೆಯುವ ಥರ್ಮೋಸ್ಟಾಟು, ಸವೆದ ಪಂಪು. ಇಷ್ಟು ಹೇಳಿದರೆ ಯಾವ ಮೆಕ್ಯಾನಿಕ್ಕಾದರೂ ಅರ್ಧ ದಿನ ಉಳಿಸಿಕೊಳ್ಳುತ್ತಾನೆ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಏಸಿ ಆರಿಸಿ, ಹೀಟರಿದ್ದರೆ ಪೂರ್ತಿ ತಿರುಗಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಹಬೆ ಕಂಡರೆ ಅಥವಾ ಏರಿದ ಮುಳ್ಳು ತಟಕ್ಕನೆ ಇಳಿದರೆ ಕೂಡಲೇ ಇಂಜಿನ್ನು ಆರಿಸಿ. ಮುಚ್ಚಳವನ್ನು ಮಾತ್ರ ಮುಟ್ಟಬೇಡಿ. ಅರ್ಧ ಗಂಟೆಯಲ್ಲ, ಬೇಕಾದರೆ ಒಂದು ಗಂಟೆ ಕಾಯಿರಿ. ಮೇಲಿನ ಹೋಸ್ ಪೈಪನ್ನು ಹಿಚುಕಿದರೆ ಮೆತ್ತಗೆ, ತಣ್ಣಗೆ ಇರಬೇಕು. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರುಕು ಬಿಡಬಹುದು. ಯಾರಿಗಾದರೂ ಸುಟ್ಟರೆ ಪೇಸ್ಟು, ಶಾಯಿ ಹಚ್ಚದೆ 20 ನಿಮಿಷ ತಣ್ಣೀರು ಹಾಯಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ತುಂಬಿಸುವಾಗ ಬೋರ್‌ವೆಲ್ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಬಳಸಿ, ಕಾರಿನ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ. ಇನ್ನೊಂದು ಮಾತು: ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಪರಿಣಾಮದಲ್ಲಿ ವಿಷ. ಬಿಚ್ಚಿ ತೆಗೆದ ಹಳೆಯದನ್ನು ಬಕೆಟ್ಟಿನಲ್ಲಿ ಬಿಟ್ಟು ಹೋದರೆ ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಂತೂ ಇನ್ನಷ್ಟು ಎಚ್ಚರ ಬೇಕು.

ಮೇಷ್ಟರಾಗಿದ್ದವನಿಗೆ ಇಲ್ಲಿ ಮತ್ತೊಂದು ನೆನಪು ಬಾರದೆ ಇರದು. ಗಣಿತದಲ್ಲಿ ಹಿಂದೆ ಬೀಳುತ್ತಿದ್ದ ಮಕ್ಕಳಿಗೆ ನಾಲ್ಕು ಕೃಪಾಂಕ ಸೇರಿಸಿ ಮೇಲಿನ ತರಗತಿಗೆ ದಾಟಿಸಿದ್ದೇನೆ. ದಯೆಯೆಂದೇ ಭಾವಿಸಿದ್ದೆ. ಭಿನ್ನರಾಶಿ ಎಲ್ಲಿ ಕೈತಪ್ಪಿತೆಂದು ಕುಳಿತು ಹುಡುಕಿದ್ದರೆ ಒಂದು ತಿಂಗಳಲ್ಲಿ ಸರಿಹೋಗುತ್ತಿತ್ತೇನೋ. ಅವರಲ್ಲಿ ಕೆಲವರು ಹತ್ತನೆಯ ತರಗತಿಯ ಏರಿನಲ್ಲಿ ನಿಂತುಹೋದರು. ಈ ಬರಹವನ್ನು ಅವರಲ್ಲಿ ಯಾರಾದರೂ ಓದುತ್ತಿದ್ದರೆ, ತಪ್ಪು ನನ್ನದೂ ಹೌದೆಂದು ಹೇಳಬಯಸುತ್ತೇನೆ.

ಆ ಕಾರನ್ನು ಮಾರಿಬಿಡಿ ಎಂದು ಮನೆಯವರೆಲ್ಲ ಹೇಳುತ್ತಾರೆ. ಹದಿನೈದು ವರ್ಷ ತುಂಬಿದ ಮೇಲೆ 2013, 2018 ಮತ್ತು 2023ರಲ್ಲಿ ಪರೀಕ್ಷೆಗೊಡ್ಡಿ ನೋಂದಣಿ ನವೀಕರಿಸಿದ್ದೇನೆ. 2009ರ ನಂತರ ಅದು ಒಮ್ಮೆಯೂ ಕುದಿದಿಲ್ಲ. ವಯಸ್ಸಾಯಿತೆಂಬುದು ಒಂದು ಕಾಯಿಲೆಯ ಹೆಸರಲ್ಲ. ಕಾರಿಗೂ ಅಲ್ಲ, ನನ್ನಂಥವರಿಗೂ ಅಲ್ಲ. ಅಕ್ಕನ ಮಗನ ಕೈ ವಾಸಿಯಾಗಿದೆ. ಚರ್ಮದ ಮೇಲಿನ ಗುರುತು ಮಾತ್ರ ಹೋಗಿಲ್ಲ. ಹಬ್ಬಕ್ಕೆ ಬಂದಾಗ ಅವನು ತೋಳು ಮಡಚಿ ಊಟಕ್ಕೆ ಕುಳಿತರೆ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಇನ್ನು ನನ್ನ ವಿದ್ಯಾರ್ಥಿಯ ವಿಷಯ. ಅಂದು ನಾನು ಚೊಂಬು ತರಲಿಲ್ಲ. ಅವನನ್ನು ಜಗುಲಿಯ ಮೇಲೆ ಕೂರಿಸಿ, ಇಂಜಿನ್ನು ಆರುವವರೆಗೆ ಇಷ್ಟನ್ನೂ ಹೇಳಿದೆ. ಆಮೇಲೆ ಮುಚ್ಚಳ ತೆಗೆಸಿ, ಮನೆಯಲ್ಲಿದ್ದ ಡಿಸ್ಟಿಲ್ಡ್ ವಾಟರನ್ನು ಗೆರೆಯವರೆಗೆ ತುಂಬಿಸಿ ಕಳುಹಿಸಿದೆ. ನಾಲ್ಕು ದಿನಗಳ ನಂತರ ಫೋನಿಗೆ ಒಂದು ಚಿತ್ರ ಬಂತು: ಹಾಸಿದ ದಿನಪತ್ರಿಕೆ, ಅದರ ನಡುವೆ ರೂಪಾಯಿಯಗಲದ ಹಸಿರು ಕಲೆ. ಕೆಳಗೆ ಬರೆದಿದ್ದ: "ಸಾರ್, ಸಿಕ್ಕಿತು. ಪಂಪಿನ ನೇರಕ್ಕಿದೆ."

"ಸಂತೋಷ. ನಾಳೆಯೇ ಹಾಕಿಸು. ಅಲ್ಲಿಯವರೆಗೆ ದೂರ ಎಲ್ಲಿಗೂ ಹೊರಡಬೇಡ" ಎಂದು ಉತ್ತರಿಸಿದೆ.